ಮಗ್ಗದ ಬರಹ, ಯಂತ್ರದ ಓದು

ಮಾಹಿತಿ ತಂತ್ರಜ್ಞಾನವು ವಸ್ತು ತಯಾರಿಕೆಯ ನಾಳಿನ ಸ್ವರೂಪವನ್ನು ಹೇಗೆ ಬದಲಿಸೀತು ಎಂಬ ಪ್ರಶ್ನೆಯನ್ನು ಎಂಜಿನಿಯರುಗಳಿಗೂ ಅರ್ಥಶಾಸ್ತ್ರಜ್ಞರಿಗೂ ಬಿಟ್ಟುಕೊಟ್ಟು, ಭಾಷೆ ಸಾಹಿತ್ಯಗಳ ಅಧ್ಯಾಪಕರಾದ ನಾವು ದೂರ ನಿಲ್ಲುವುದು ವಾಡಿಕೆಯಾಗಿದೆ. ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ಕಾರ್ಖಾನೆಯ ಮಾತೇಕೆ ಎಂದು ಕೆಲವರಿಗೆ ಅನಿಸಲೂಬಹುದು. ಆದರೆ ‘ತಂತ್ರಜ್ಞಾನ’ ಎಂಬ ಪದವನ್ನೇ ಬಿಡಿಸಿ ನೋಡಿದರೆ ಈ ಸಂಕೋಚಕ್ಕೆ ಆಧಾರವಿಲ್ಲವೆಂಬುದು ತಿಳಿಯುತ್ತದೆ. ಸಂಸ್ಕೃತದ ‘ತಂತ್ರ’ ಶಬ್ದಕ್ಕೆ ಮಗ್ಗ ಎಂಬ ಅರ್ಥವಿದೆ. ಮಗ್ಗದ ಮೇಲೆ ಬಿಗಿದ ಹಾಸು ಎಂಬ ಅರ್ಥವೂ ಇದೆ. ಎಳೆದು ಚಾಚು ಎಂಬರ್ಥದ ‘ತನ್’ ಧಾತು ಅದರ ಮೂಲ. ‘ಸೂತ್ರ’ವೆಂದರೆ ನೂಲೂ ಹೌದು, ವ್ಯಾಕರಣದ ಸೂತ್ರವೂ ಹೌದು. ‘ಗ್ರಂಥ’ವೂ ಕಟ್ಟುವ, ಪೋಣಿಸುವ ಕ್ರಿಯೆಯಿಂದ ಬಂದ ಮಾತು. ಇಂಗ್ಲಿಷಿನ ‘ಟೆಕ್ಸ್ಟ್’ ಕೂಡ ನೇಯುವುದೆಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದ್ದು. ಕನ್ನಡದಲ್ಲಂತೂ ಒಂದು ಸಂಗತಿ ಬದುಕಿನಲ್ಲಿ ಪೂರಾ ಬೆರೆತುಹೋಗಿದ್ದರೆ ಅದು ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ಹಾಗೆನ್ನುವಾಗ ನೇಕಾರನ ಉದ್ದೆಳೆ ಅಡ್ಡೆಳೆಗಳು ನಮ್ಮ ನೆನಪಿಗೆ ಬರುವುದಿಲ್ಲ, ಅಷ್ಟೆ.

ಇದನ್ನು ಕೇವಲ ಶಬ್ದಚಮತ್ಕಾರವೆಂದು ತಳ್ಳಿಹಾಕದಿರಲು ನನಗೆ ವೈಯಕ್ತಿಕವಾದ ಕಾರಣವೂ ಇದೆ. ನಾನು ಹುಟ್ಟಿ ಬೆಳೆದದ್ದು ಸೊಲ್ಲಾಪುರದಲ್ಲಿ. ಸಿದ್ಧರಾಮನ ಸೊನ್ನಲಿಗೆ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಬೇಗ ತಿಳಿದೀತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರ ಓಣಿಗಳಲ್ಲಿ ತೆಲುಗು. ಈ ಮೂರೂ ಭಾಷೆಗಳ ನಡುವೆ ದಿನವಿಡೀ ಮಗ್ಗಗಳ ಸದ್ದು. ಆ ಊರಿನ ಹೆಸರನ್ನು ದೇಶದ ಮನೆಮನೆಗೂ ಹೊತ್ತೊಯ್ದದ್ದು ಅಲ್ಲಿಯ ಚಾದರ. ಚಾದರದ ಮೇಲೆ ಹೂವು, ಬಳ್ಳಿ, ನವಿಲು ಮೂಡುವುದು ಜಕಾರ್ಡ್ ಮಗ್ಗದ ಮೂಲಕ. ನಮ್ಮ ತಂದೆಯವರು ಅಂಥದೊಂದು ಕಾರ್ಖಾನೆಯಲ್ಲಿ ಆ ಮಗ್ಗಕ್ಕೆ ಬೇಕಾದ ಕಾರ್ಡು ಕೊರೆಯುತ್ತಿದ್ದರು.

ಈ ಕೆಲಸದ ಬಗೆಯನ್ನು ತುಸು ವಿವರಿಸಬೇಕು. ಚಿತ್ರಕಾರನು ಚೌಕಳಿ ಕಾಗದದ ಮೇಲೆ ನಕ್ಷೆಯನ್ನು ಬಣ್ಣದಿಂದ ತುಂಬುತ್ತಾನೆ. ಒಂದೊಂದು ಉದ್ದ ಸಾಲು ಒಂದು ಹಾಸಿನ ಎಳೆ, ಒಂದೊಂದು ಅಡ್ಡ ಸಾಲು ಲಾಳಿಯ ಒಂದು ಓಟ. ಕಾರ್ಡು ಕೊರೆಯುವವನು ಒಂದು ಅಡ್ಡಸಾಲನ್ನು ಎಡದಿಂದ ಬಲಕ್ಕೆ ಓದುತ್ತ ಹೋಗಬೇಕು. ಬಣ್ಣವಿದ್ದಲ್ಲಿ ರಟ್ಟಿಗೆ ತೂತು, ಇಲ್ಲದಲ್ಲಿ ಬರಿದು. ಹೀಗೆ ಒಂದು ಸಾಲಿಗೊಂದು ಕಾರ್ಡಿನಂತೆ ಕೊರೆದು, ಎಲ್ಲವನ್ನೂ ದಾರದಿಂದ ಹೊಲಿದು ಸರಪಳಿ ಮಾಡಿ ಮಗ್ಗದ ನೆತ್ತಿಗೆ ಏರಿಸುತ್ತಾರೆ. ತೂತಿದ್ದಲ್ಲಿ ಕೊಕ್ಕೆ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದಕ್ಕೆ ತಳ್ಳಲ್ಪಟ್ಟು ಎಳೆ ಕೆಳಗೇ ಉಳಿಯುತ್ತದೆ. ಎತ್ತು ಅಥವಾ ಬಿಡು, ಇವೆರಡೇ ಆಜ್ಞೆ. ತಂದೆಯವರು ನಾಲ್ಕನೆಯ ಇಯತ್ತೆ ದಾಟಿದವರಲ್ಲ. ಆದರೆ ಪಿಯಾನೊ ಎಂದು ಕರೆಯುವ ಕಾರ್ಡು ಕೊರೆಯುವ ಯಂತ್ರದ ಮುಂದೆ ಕುಳಿತು, “ಎರಡು ಎತ್ತು, ಮೂರು ಬಿಡು, ಒಂದು ಎತ್ತು” ಎಂದು ಗುನುಗುತ್ತ ಅವರು ನಕ್ಷೆಯನ್ನು ಓದುತ್ತಿದ್ದ ವೇಗ ದಂಗುಬಡಿಸುವಂಥದು. ಹಳಗನ್ನಡ ಪದ್ಯದಲ್ಲಿ ಪ್ರಸ್ತಾರ ಹಾಕಲು ಕಲಿತಾಗ ನನಗೆ ಗುರು ಲಘುಗಳು ಹೊಸದೆನಿಸಲಿಲ್ಲ. ಎರಡೇ ಗುರುತುಗಳಿಂದ ಎಷ್ಟು ಬಗೆಯ ವಿನ್ಯಾಸಗಳನ್ನು ಮೂಡಿಸಬಹುದೆಂಬುದು ಆ ಗುನುಗಿನಿಂದಲೇ ತಿಳಿದಿತ್ತು.

ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್ ಈ ಏರ್ಪಾಡನ್ನು 1804ರಲ್ಲಿ ಒಂದು ನೆಲೆಗೆ ತಂದ. ಅವನಿಗೂ ಹಿಂದೆ 1725ರಲ್ಲಿ ಬಸಿಲ್ ಬುಶೋಂ ಎಂಬವನು ತೂತು ಕೊರೆದ ಕಾಗದದ ಸುರುಳಿಯನ್ನೂ, ಕೆಲವೇ ವರ್ಷಗಳಲ್ಲಿ ಫಾಲ್ಕೋಂ ಎಂಬವನು ಬಿಡಿ ಕಾರ್ಡುಗಳನ್ನೂ ಬಳಸಿದ್ದುಂಟು. ಲಂಡನ್ನಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಅನಲಿಟಿಕಲ್ ಎಂಜಿನ್ನನ್ನು ಕಲ್ಪಿಸಿಕೊಂಡಾಗ ಅದಕ್ಕೆ ಆಜ್ಞೆ ಕೊಡುವ ಸಾಧನವಾಗಿ ಆಯ್ದುಕೊಂಡದ್ದು ಈ ನೇಕಾರರ ಕಾರ್ಡನ್ನೇ. ಸುಮಾರು 24,000 ಕಾರ್ಡುಗಳಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಅವನಲ್ಲಿತ್ತು; ಅತಿಥಿಗಳು ಅದನ್ನು ಕೆತ್ತನೆಯ ಮುದ್ರಣವೆಂದೇ ತಿಳಿಯುತ್ತಿದ್ದರಂತೆ. ಅದೇ ಬ್ಯಾಬೇಜ್ 1832ರಲ್ಲಿ ಯಂತ್ರಗಳ ಮತ್ತು ತಯಾರಿಕೆಯ ಅರ್ಥನೀತಿಯನ್ನು ಕುರಿತು ಗ್ರಂಥ ಬರೆದವನು ಎಂಬುದನ್ನೂ ಮರೆಯಬಾರದು. ಅಮೆರಿಕದ 1890ರ ಜನಗಣತಿಯಲ್ಲಿ ಹಾಲರಿತ್ ಬಳಸಿದ್ದೂ ತೂತಿನ ಕಾರ್ಡು. ಆದ್ದರಿಂದ ಗಣಕಯಂತ್ರವು ಕಾರ್ಖಾನೆಗೆ ಹೊರಗಿನಿಂದ ಬಂದ ಅತಿಥಿಯಲ್ಲ. ಕಾರ್ಖಾನೆ ಅದರ ತವರು. ಮಗಳು ಬಹುಕಾಲದ ಮೇಲೆ, ತುಸು ಬಿಂಕದಿಂದ, ತವರಿಗೆ ಬಂದಿದ್ದಾಳೆ.

ಹಾಗಾದರೆ ಹೊಸತೇನು? ನನ್ನ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆ ಯಂತ್ರದ ವೇಗದ್ದಲ್ಲ, ಬರಹದ್ದು. ಯಾವುದೇ ತಯಾರಿಕೆಯ ಹಿಂದೆ ಒಂದು ಪಠ್ಯವಿರುತ್ತದೆ. ಅದನ್ನು ಬರೆಯುವವರು ಯಾರು, ಓದುವವರು ಯಾರು, ಯಾವ ಭಾಷೆಯಲ್ಲಿ, ಎಂಬುದನ್ನು ಕೇಳಿಕೊಂಡರೆ ಕಾರ್ಖಾನೆಯ ಚರಿತ್ರೆ ಬೇರೆಯಾಗಿ ಕಾಣುತ್ತದೆ.

ಕಾಶ್ಮೀರದ ಕಾನಿ ಶಾಲು ಮತ್ತು ರತ್ನಗಂಬಳಿಗಳ ನೇಯ್ಗೆಯಲ್ಲಿ ‘ತಾಲೀಮು’ ಎಂಬ ಬರಹವೊಂದಿದೆ. ಕುಸ್ತಿಯ ಗರಡಿಯಲ್ಲೂ ನಾಟಕದ ಅಭ್ಯಾಸದಲ್ಲೂ ನಾವು ಬಳಸುವ ತಾಲೀಮು ಶಬ್ದವೇ ಅದು. ಮೂಲದಲ್ಲಿ ಬೋಧನೆ ಎಂದು ಅರ್ಥ. ನಕ್ಷೆಯನ್ನು ನೋಡಿ ತಾಲೀಮು ಬರೆಯುವವನು ಯಾವ ಬಣ್ಣ, ಎಷ್ಟು ಎಳೆ ಎಂಬುದನ್ನು ಸಂಕೇತಾಕ್ಷರಗಳಲ್ಲಿ ಕಾಗದದ ಪಟ್ಟಿಗೆ ಇಳಿಸುತ್ತಾನೆ. ಒಬ್ಬನು ಅದನ್ನು ರಾಗವಾಗಿ ಓದುತ್ತಾನೆ. ನೇಕಾರರು ಓಗೊಟ್ಟು ಗಂಟು ಹಾಕುತ್ತಾರೆ. ಗಮಕಿ ಓದಿ ಸಭೆ ತಲೆದೂಗುವಂತೆ. ಅಲ್ಲಿ ಪಠ್ಯವಿದೆ, ಆದರೆ ಓದುಗನು ಮನುಷ್ಯ. ಬರಹ ತಪ್ಪಿದ್ದರೆ ಅವನ ನಾಲಿಗೆ ಅಲ್ಲಿ ತಡವರಿಸುತ್ತದೆ. ಈಗ ಈ ತಾಲೀಮನ್ನೂ ಗಣಕಯಂತ್ರದಿಂದ ಬರೆಸಿ ಮುದ್ರಿಸುವುದು ಸಾಧ್ಯವಾಗಿದೆ. ಜಕಾರ್ಡನ ಕಾರ್ಡು ಮಾಡಿದ್ದು ಇದಕ್ಕಿಂತ ದೊಡ್ಡ ಪಲ್ಲಟ. ಅಲ್ಲಿ ಯಂತ್ರವೇ ಓದುಗನಾಯಿತು. ಮಗ್ಗದ ಮುಂದೆ ಕುಳಿತವನಿಗೆ ನಕ್ಷೆ ತಿಳಿಯಬೇಕಾದ ಅಗತ್ಯವೇ ಉಳಿಯಲಿಲ್ಲ. ಆದರೂ ಬರಹಗಾರನೊಬ್ಬ ಉಳಿದಿದ್ದ; ನಮ್ಮ ತಂದೆಯವರಂಥವರು ಆ ನಡುವಿನ ಜಾಗದಲ್ಲಿ ಬದುಕಿದರು.

1983ರಲ್ಲಿ ಮಿಲಾನಿನ ಯಂತ್ರ ಪ್ರದರ್ಶನದಲ್ಲಿ ವಿದ್ಯುನ್ಮಾನ ಜಕಾರ್ಡ್ ಕಾಣಿಸಿಕೊಂಡ ಮೇಲೆ ಆ ಜಾಗವೂ ಕರಗತೊಡಗಿತು. ನಕ್ಷೆ ಗಣಕದ ತೆರೆಯ ಮೇಲೆ ಸಿದ್ಧವಾಗಿ ನೇರವಾಗಿ ಮಗ್ಗಕ್ಕೆ ಹೋಗುವುದಾದರೆ ರಟ್ಟಿನ ಕಾರ್ಡು ಬೇಡ, ಕೊರೆಯುವವನೂ ಬೇಡ. ತಂದೆಯವರ ಕಾರ್ಖಾನೆಗೆ ಗಣಕ ಬಂದದ್ದು 1990ರ ದಶಕದ ಕೊನೆಯಲ್ಲಿ, ನಕ್ಷೆ ಬರೆಯುವ ಕೆಲಸಕ್ಕಾಗಿ ಮಾತ್ರ. ಡಿಪ್ಲೊಮಾ ಮುಗಿಸಿ ಬಂದಿದ್ದ ತರುಣನೊಬ್ಬ ತೆರೆಯ ಮೇಲೆ ಸೊಗಸಾದ ಕಮಲಗಳನ್ನು ಬಿಡಿಸುತ್ತಿದ್ದ. ಆದರೆ ನೇಯ್ದ ಬಟ್ಟೆಯಲ್ಲಿ ಆ ಕಮಲದ ದಳಗಳ ಮೇಲೆ ಉದ್ದುದ್ದ ಎಳೆಗಳು ಸಡಿಲವಾಗಿ ನಿಂತು ಬೆರಳಿಗೆ, ಬಳೆಗೆ ಸಿಕ್ಕಿಕೊಳ್ಳುತ್ತಿದ್ದವು. “ಎಳಿ ತೇಲತಾವು, ನಡುವ ಹಿಡದು ಕಟ್ಟಬೇಕು” ಎಂದು ತಂದೆಯವರು ಅವನ ಪಕ್ಕದಲ್ಲಿ ಕುಳಿತು ಎಲ್ಲೆಲ್ಲಿ ಒಂದು ಬಿಂದು ಹಾಕಬೇಕೆಂಬುದನ್ನು ಬೆರಳಿಟ್ಟು ತೋರಿಸಿದರು. ಹೀಗೆ ಹಲವು ತಿಂಗಳು ನಡೆಯಿತು. ತರುಣನು ಜಾಣ, ವಿನಯವಂತ, ಎಲ್ಲವನ್ನೂ ಬರೆದುಕೊಂಡ. ಅನಂತರ ತಂದೆಯವರ ಅಗತ್ಯ ಕಾರ್ಖಾನೆಗೆ ಬೀಳಲಿಲ್ಲ. ಇಂದಿನ ತಂತ್ರಾಂಶಗಳಲ್ಲಿ ಇಂಥ ತೇಲುವ ಎಳೆಗಳನ್ನು ಗಣಕವೇ ಹುಡುಕಿ ತೋರಿಸುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೈಮಗ್ಗದ ಮೇಲೆ ಶೋಕಗೀತೆ ಬರೆದು, ಅದನ್ನು ಗಣಕದಲ್ಲೇ ಅಚ್ಚುಹಾಕಿಸುವ ನಮ್ಮ ಕೆಲವು ಸಾಹಿತ್ಯಮಿತ್ರರ ಸಾಲಿಗೆ ನಾನು ಸೇರಲಾರೆ. ಕಾರ್ಡು ಕೊರೆಯುವ ಕೆಲಸ ಕಣ್ಣನ್ನು ತಿನ್ನುವ ಕೆಲಸ. ಒಂದು ತೂತು ತಪ್ಪಿದರೆ ಪ್ರತಿಯೊಂದು ಚಾದರದಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಸಂಜೆ ಮನೆಗೆ ಬಂದ ಮೇಲೂ ತಂದೆಯವರ ಕಣ್ಣಮುಂದೆ ಚೌಕಗಳು ಕುಣಿಯುತ್ತಿದ್ದವು. ಆ ಯಾತನೆಯನ್ನು ಯಂತ್ರ ತೆಗೆದುಕೊಂಡಿದ್ದರೆ ಒಳ್ಳೆಯದೇ ಆಯಿತು. ಹಾಗೆಯೇ, ದುಡಿಮೆಗಾರರ ಎಲ್ಲ ನಷ್ಟವನ್ನೂ ಗಣಕದ ತಲೆಗೆ ಕಟ್ಟುವುದೂ ಸರಿಯಲ್ಲ. ಮುಂಬಯಿಯ ಗಿರಣಿಗಳಲ್ಲಿ 1982ರ ಜನವರಿ 18ರಂದು ಮುಷ್ಕರ ಹೂಡಿದ ಎರಡೂವರೆ ಲಕ್ಷದಷ್ಟು ಕಾರ್ಮಿಕರಲ್ಲಿ ಬಹುಪಾಲು ಮಂದಿ ಕೆಲಸ ಕಳೆದುಕೊಂಡದ್ದಕ್ಕೆ ಬೇರೆಯೇ ಕಾರಣಗಳಿದ್ದವು. ನನ್ನ ತಕರಾರು ಇಷ್ಟೇ: ತೇಲುವ ಎಳೆಯ ಅರಿವು ತಂತ್ರಾಂಶದೊಳಗೆ ಸೇರಿತು, ಅದನ್ನು ಹೇಳಿದವನ ಮಾತು ಸೇರಲಿಲ್ಲ. ಹಸ್ತಪ್ರತಿಯ ಲಿಪಿಕಾರನ ಹೆಸರನ್ನಾದರೂ ನಾವು ಗ್ರಂಥಾಂತ್ಯದಲ್ಲಿ ಹುಡುಕುತ್ತೇವೆ.

ಲೋಹ ಕತ್ತರಿಸುವ ಯಂತ್ರಗಳ ಚರಿತ್ರೆಯಲ್ಲಿ ಇದೇ ಪ್ರಶ್ನೆ ಇನ್ನಷ್ಟು ನಿಚ್ಚಳವಾಗಿ ಎದುರಾಗಿದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದಲ್ಲಿ ಯಂತ್ರಗಳನ್ನು ತಾವಾಗಿ ನಡೆಯುವಂತೆ ಮಾಡಲು ಎರಡು ಹಾದಿಗಳಿದ್ದವು. ಮೊದಲನೆಯದರಲ್ಲಿ ನುರಿತ ಕೆಲಸಗಾರನು ಒಂದು ಬಿಡಿಭಾಗವನ್ನು ತಾನೇ ಮಾಡುತ್ತಾನೆ. ಅವನ ಕೈಯ ಚಲನೆಗಳು ಕಾಂತಪಟ್ಟಿಯ ಮೇಲೆ ದಾಖಲಾಗುತ್ತವೆ. ಪಟ್ಟಿಯನ್ನು ಮತ್ತೆ ಓಡಿಸಿದರೆ ಯಂತ್ರ ಅದನ್ನೇ ಪುನರುಚ್ಚರಿಸುತ್ತದೆ. ಬಾಯಿಪಾಠದ ಕ್ರಮವೆನ್ನಬಹುದು. ಎರಡನೆಯದರಲ್ಲಿ ಕಚೇರಿಯಲ್ಲಿ ಕುಳಿತವನು ಗಣಿತದ ಮೂಲಕ ಚಲನೆಗಳನ್ನು ಅಂಕಿಗಳಲ್ಲಿ ಬರೆದು, ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಕಳಿಸುತ್ತಾನೆ. ಜಾನ್ ಪಾರ್ಸನ್ಸ್ ಎಂಬವನ ಕಲ್ಪನೆಯನ್ನು ಬೆಳೆಸಿ, ವಾಯುಪಡೆಯ ಹಣದಿಂದ, ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯವರು 1952ರಲ್ಲಿ ಪ್ರದರ್ಶಿಸಿದ್ದು ಈ ಎರಡನೆಯದನ್ನು. ಗೆದ್ದದ್ದೂ ಅದೇ. ಕೆಲಸದ ಮೇಲಿನ ಹತೋಟಿ ಕಾರ್ಖಾನೆಯ ನೆಲದಿಂದ ಕಚೇರಿಗೆ ಹೋಗಲಿ ಎಂಬ ಆಡಳಿತದ ಬಯಕೆಯೇ ಈ ಗೆಲುವಿನ ಹಿಂದಿತ್ತು ಎಂದು ಡೇವಿಡ್ ನೋಬಲ್ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದಾನೆ. ವಾದ ಅರ್ಧ ಸರಿಯೆಂದು ನನಗೆ ತೋರುತ್ತದೆ. ವಿಮಾನದ ರೆಕ್ಕೆಯ ವಕ್ರತೆಯನ್ನು ಎಂಥ ಕುಶಲಿಯ ಕೈಯೂ ಹಾಗೆ ಕೊರೆಯಲಾರದು. ಅಲ್ಲಿ ಗಣಿತವೇ ಬೇಕಿತ್ತು. ಆದರೆ ಸಾಮಾನ್ಯ ಬಿಡಿಭಾಗಗಳ ಮಟ್ಟಿಗೂ ಕೆಲಸಗಾರನ ಕೈಯಿಂದ ಬರೆಸಿಕೊಳ್ಳುವ ಹಾದಿಯನ್ನು ಅಷ್ಟು ಬೇಗ ಮುಚ್ಚಿದ್ದಕ್ಕೆ ಗಣಿತವೊಂದೇ ಸಮಾಧಾನವಾಗಲಾರದು.

ಈ ಅಂಕಿಬರಹದ ವ್ಯಾಕರಣ ಕನ್ನಡ ವಿದ್ಯಾರ್ಥಿಗಳಿಗೆ ರುಚಿಸುವಂಥದು. ‘ಜಿ 00’ ಎಂದರೆ ವೇಗವಾಗಿ ಚಲಿಸು, ‘ಜಿ 01’ ಎಂದರೆ ನೇರವಾಗಿ ಕತ್ತರಿಸುತ್ತ ಸಾಗು, ‘ಜಿ 02’, ‘ಜಿ 03’ ಎಂದರೆ ಕಮಾನಾಗಿ ಸಾಗು, ‘ಎಂ 30’ ಎಂದರೆ ಮುಕ್ತಾಯ. ಒಮ್ಮೆ ‘ಜಿ 01’ ಎಂದು ಬರೆದರೆ ಇನ್ನೊಂದು ಆಜ್ಞೆ ಬಂದು ಅದನ್ನು ತಡೆಯುವವರೆಗೆ ಮುಂದಿನ ಸಾಲುಗಳಿಗೂ ಅದೇ ಅನ್ವಯಿಸುತ್ತದೆ, ಮತ್ತೆ ಬರೆಯಬೇಕಿಲ್ಲ. ಪಾಣಿನಿಯ ಸೂತ್ರಗಳಲ್ಲಿ ನಾವು ಅನುವೃತ್ತಿಯೆಂದು ಕಲಿಯುವುದು ಇದನ್ನೇ. ಪುಣೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಗಣಕ ನಿಯಂತ್ರಿತ ಲೇಥು ನಡೆಸುವ ನನ್ನ ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನು ನಕ್ಕು, “ಮಾಮಾ, ನಮ್ಮ ಸೂಪರ್‌ವೈಸರ್‌ಗೆ ಪಾಣಿನಿ ಗೊತ್ತಿಲ್ರಿ, ಆದ್ರ ಅನುವೃತ್ತಿ ಮರೆತ್ರ ಜಾಬ್ ಸ್ಕ್ರ್ಯಾಪ್ ಆಗ್ತೈತಿ ಅನ್ನೂದು ಗೊತ್ತೈತಿ” ಎಂದ.

ಅವನ ಕೆಲಸವನ್ನು ಎರಡು ದಿನ ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು. ಕಾರ್ಯಕ್ರಮ ಮೇಲಿನಿಂದ ಬರುತ್ತದೆ. ಅದನ್ನು ಅವನು ಬರೆಯುವುದಿಲ್ಲ. ಆದರೆ ಕೊರೆಯುವ ಉಳಿ ಸವೆದಂತೆ ಮೈಕ್ರಾನುಗಳ ಲೆಕ್ಕದಲ್ಲಿ ತಿದ್ದುಪಡಿ ಕೊಡುವುದು, ಲೋಹ ಗಡಸಾಗಿ ಬಂದ ದಿನ ಗುಂಡಿ ತಿರುಗಿಸಿ ವೇಗ ತಗ್ಗಿಸುವುದು, ಅವನಿಗೆ ಬಿಟ್ಟದ್ದು. ಪಠ್ಯಕ್ಕೆ ಅಂಚಿನ ಟಿಪ್ಪಣಿ ಬರೆಯುವವನ ಸ್ಥಾನ ಅವನದು. ಇದನ್ನೆಲ್ಲ ಅವನು ತಿಳಿಯುವುದು ಬಹುಮಟ್ಟಿಗೆ ಕಿವಿಯಿಂದ. ಮಾತಿನ ನಡುವೆ ತಟ್ಟನೆ ನಿಲ್ಲಿಸಿ, “ಟೂಲ್ ಅಳಾಕ ಹತ್ತೇತಿ” ಎಂದು ಯಂತ್ರದತ್ತ ಓಡಿದ. ನನಗೆ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ.

ತಯಾರಿಕೆಯ ಮುಂದಿನ ಹಂತವೆಂದು ಇಂದು ಹೇಳುತ್ತಿರುವುದು ನಿಖರವಾಗಿ ಈ ಕಿವಿಯನ್ನು ಕುರಿತದ್ದು. 2011ರಲ್ಲಿ ಹ್ಯಾನೊವರ್ ಮೇಳದಲ್ಲಿ ಜರ್ಮನರು ‘ಇಂಡಸ್ಟ್ರಿ 4.0’ ಎಂಬ ಹೆಸರನ್ನು ಚಲಾವಣೆಗೆ ತಂದ ಮೇಲೆ ಯಂತ್ರಗಳಿಗೆ ಕಂಪನ, ಶಾಖ, ವಿದ್ಯುತ್ತಿನ ಎಳೆತ ಮೊದಲಾದುವನ್ನು ಅಳೆಯುವ ಸಂವೇದಕಗಳನ್ನು ಜೋಡಿಸಿ, ಬಂದ ಅಂಕಿಗಳನ್ನು ಒಟ್ಟುಮಾಡಿ, ಉಳಿ ಯಾವಾಗ ಮುರಿದೀತು, ಬೇರಿಂಗು ಯಾವಾಗ ಕೈಕೊಟ್ಟೀತು ಎಂದು ಮುಂಚಿತವಾಗಿ ಊಹಿಸುವ ಪ್ರಯತ್ನಗಳು ಎಲ್ಲೆಡೆ ನಡೆದಿವೆ. ಬಟ್ಟೆಯ ದೋಷಗಳನ್ನು ಕ್ಯಾಮರಾದಿಂದ ಪತ್ತೆಹಚ್ಚುವ ವ್ಯವಸ್ಥೆಗಳು ಆಗಲೇ ಬಳಕೆಯಲ್ಲಿವೆ. ಇವೆಲ್ಲ ಕಲಿಯುವ ಯಂತ್ರಗಳು. ಅವಕ್ಕೆ ಕಲಿಸಬೇಕಾದರೆ ಯಾರಾದರೂ ಉದಾಹರಣೆಗಳನ್ನು ತೋರಿಸಿ ಹೆಸರಿಡಬೇಕು: ಇದು ಹೊಕ್ಕು ತಪ್ಪಿದ ಜಾಗ, ಇದು ಎಣ್ಣೆಯ ಕಲೆ, ಇದು ಉಳಿ ಸವೆದ ಸದ್ದು. ಅಂದರೆ ಮುಚ್ಚಿಹೋಗಿದ್ದ ಆ ಮೊದಲನೆಯ ಹಾದಿ, ಕೆಲಸಗಾರನಿಂದ ಕೇಳಿ ದಾಖಲಿಸುವ ಹಾದಿ, ಎಪ್ಪತ್ತು ವರ್ಷಗಳ ಮೇಲೆ ಬೇರೆ ರೂಪದಲ್ಲಿ ತೆರೆಯುತ್ತಿದೆ. ಈ ಸಲ ಅಲ್ಲಿ ಬೇಕಾಗಿರುವುದು ಕೈಯ ಚಲನೆಯಷ್ಟೇ ಅಲ್ಲ, ಹೆಸರು. ಹೆಸರಿಡುವ ಕೆಲಸ ಭಾಷೆಯ ಕೆಲಸ.

ಭೋಸರಿಯ ಆ ಯಂತ್ರದ ಪಕ್ಕದಲ್ಲಿ ಚಿಕ್ಕ ತೆರೆಯೊಂದಿದೆ. ಯಂತ್ರ ನಿಂತಾಗಲೆಲ್ಲ ಏಕೆ ನಿಂತಿತೆಂದು ನಡೆಸುವವನು ಅದರಲ್ಲಿ ನಮೂದಿಸಬೇಕು. ಉಳಿ ಬದಲಾವಣೆ, ಕಚ್ಚಾಮಾಲಿಲ್ಲ, ವಿದ್ಯುತ್ತಿಲ್ಲ, ತಪಾಸಣೆ ಎಂಬಂಥ ಕೆಲವು ಕಾರಣಗಳು ಇಂಗ್ಲಿಷಿನಲ್ಲಿ ಸಾಲಾಗಿವೆ, ಕೊನೆಯದು ‘ಇತರೆ’. ಉಳಿ ಅಳತೊಡಗಿದಾಗ ಅವನು ಯಂತ್ರ ನಿಲ್ಲಿಸಿ, ನೋಡಿ, ಸರಿಪಡಿಸಿ, ಈ ‘ಇತರೆ’ಯನ್ನು ಒತ್ತುತ್ತಾನೆ. “ಅಳೂದಕ್ಕ ಅದರಾಗ ಜಾಗಾ ಇಲ್ಲರಿ ಮಾಮಾ. ಟೂಲ್ ಚೇಂಜ್ ಒತ್ತಾಕ ಬರೂದುಲ್ಲ, ಇನ್ನೂ ಚೇಂಜ್ ಮಾಡಿಲ್ಲ. ಸವಿಯೂಕಿಂತ ಮೊದಲ ಅಳತೈತಿ ಅದು.” ಹೀಗೆ ಆ ಕಾರ್ಖಾನೆಯ ಅತ್ಯಂತ ಬೆಲೆಯುಳ್ಳ ಮುನ್ಸೂಚನೆ, ಯಾವುದಕ್ಕಾಗಿ ಸಂವೇದಕಗಳನ್ನು ಕೊಳ್ಳುತ್ತಿದ್ದಾರೋ ಅದೇ, ದಿನವೂ ‘ಇತರೆ’ ಎಂಬ ಕಲಮಿನಲ್ಲಿ ಹೆಸರಿಲ್ಲದೆ ಬೀಳುತ್ತಿದೆ. ತಿಂಗಳ ಕೊನೆಗೆ ವರದಿ ಓದುವ ಅಧಿಕಾರಿಗಳಿಗೆ ಅದು ಕೆಲಸಗಾರರ ಉದಾಸೀನದಂತೆ ಕಾಣುತ್ತದೆಯಂತೆ.

ಕನ್ನಡದಲ್ಲಿ ‘ಹದ’ ಎಂಬ ಮಾತಿದೆ. ಮಣ್ಣಿಗೆ ಹದ, ಕಾದ ಕಬ್ಬಿಣಕ್ಕೆ ಹದ, ಪಾಕಕ್ಕೆ ಹದ, ಹಾಸಿಗೆ ಹಚ್ಚುವ ಗಂಜಿಗೆ ಹದ. ಹದವನ್ನು ಅಳೆಯಲಾಗದು ಎಂದು ಹೇಳಿ ಅದಕ್ಕೊಂದು ರಹಸ್ಯದ ಪ್ರಭೆ ಕಟ್ಟುವುದು ಸುಲಭ. ವಾಸ್ತವವಾಗಿ ಅದರ ಬಹುಭಾಗವನ್ನು ಅಳೆಯಬಹುದು. ಒಣಹವೆಯಲ್ಲಿ ನೂಲು ಹೆಚ್ಚು ತುಂಡಾಗುತ್ತದೆಂದು ತಿಳಿದ ನೇಕಾರರು ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಇಂದು ತೇವಮಾಪಕ ಅದನ್ನೇ ಅಂಕಿಯಲ್ಲಿ ಹೇಳುತ್ತದೆ. ಆದರೆ ಇಂತಲ್ಲಿ ಇಂಥದನ್ನು ಅಳೆಯಬೇಕು ಎಂದು ತೋರಿಸಿಕೊಟ್ಟದ್ದು ಹದ ಬಲ್ಲವನು. ನಮ್ಮ ಇಳಕಲ್ಲಿನ ಸೀರೆಯನ್ನು ನೋಡಿ. ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆಯಿಂದ ಎಳೆಗೆ ಕೊಂಡಿ ಹಾಕಿ ಕೂಡಿಸುವ ಕ್ರಮದಿಂದಾಗಿ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು. ಆ ಕೊಂಡಿಯ ಬಿಗಿತ ಸಡಿಲಗಳನ್ನು ಹೇಳುವ ಮಾತುಗಳು ನೇಕಾರರ ಮನೆಗಳಲ್ಲಿವೆ, ಹೆಚ್ಚಾಗಿ ಹೆಣ್ಣುಮಕ್ಕಳ ಬಾಯಲ್ಲಿವೆ. ನಾಳೆ ಅದಕ್ಕೊಂದು ಯಂತ್ರ ಬಂದರೂ ಕಲಿಯಬೇಕಾದದ್ದು ಅವರಿಂದ.

ಕಾಯಕವನ್ನು ಕುರಿತು ನಮ್ಮಷ್ಟು ಮಾತಾಡಿದ ವಿದ್ವತ್ಪರಂಪರೆ ಅಪರೂಪ. ಜೇಡರ ದಾಸಿಮಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಾದಾರ ಧೂಳಯ್ಯ: ಕಸುಬನ್ನೇ ಹೆಸರಿನ ಮುಂದೆ ಹೊತ್ತವರ ಸಾಹಿತ್ಯವಿದು. ನನ್ನ ಸಂಶೋಧನ ಪ್ರಬಂಧವೂ ವಚನಗಳಲ್ಲಿಯ ಕಾಯಕ ಪರಿಭಾಷೆಯನ್ನು ಕುರಿತದ್ದೇ. ಆದರೆ ಹನ್ನೆರಡನೆಯ ಶತಮಾನದ ಮಗ್ಗದ ಮಾತುಗಳಿಗೆ ಅರ್ಥ ಹುಡುಕುವಷ್ಟು ಶ್ರದ್ಧೆಯಿಂದ ಇಪ್ಪತ್ತೊಂದನೆಯ ಶತಮಾನದ ಲೇಥಿನ ಮಾತುಗಳನ್ನು ನಮ್ಮ ವಿಭಾಗಗಳು ಹುಡುಕಿಲ್ಲ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಮಾಂಡಲಿಕ ವೃತ್ತಿಪದಕೋಶದ ಯೋಜನೆ ಹಾಕಿ, 1962ರಲ್ಲಿ ಬೇಸಾಯದ ಪದಗಳ ಸಂಪುಟವನ್ನೂ 1971ರಲ್ಲಿ ಕೈಮಗ್ಗದ ಪದಗಳ ಸಂಪುಟವನ್ನೂ ಹೊರತಂದರು. ಸಮಿತಿ ಕುಳಿತು ಟಂಕಿಸಿದ ಪದಗಳಲ್ಲ ಅವು. ಜಿಲ್ಲೆಜಿಲ್ಲೆಗೆ ಹೋಗಿ ದುಡಿಯುವವರ ಬಾಯಿಂದ ಆರಿಸಿದವು. ಆ ಕೋಶವನ್ನು ಭಾಷಾಶಾಸ್ತ್ರದ ಸಾಧನೆಯೆಂದು ನಾವು ಓದಿದೆವು. ಯಂತ್ರಕ್ಕೆ ಕಲಿಸುವ ಕಾಲದಲ್ಲಿ ಅಂಥ ಸಂಗ್ರಹ ಉತ್ಪಾದನೆಯ ಸಾಧನವೂ ಆಗಬಲ್ಲದೆಂಬುದು ಆಗ ಯಾರಿಗೂ ಹೊಳೆದಿರಲಾರದು.

ಲಿಪಿಯ ನೆಪ ಈಗ ಉಳಿದಿಲ್ಲ. ಭಾರತೀಯ ಲಿಪಿಗಳ ಇಸ್ಕಿ ಸಂಕೇತಮಾನ 1991ರಲ್ಲಿ ಬಂದಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ನಾನು ಭೋಸರಿಯಲ್ಲಿ ಕಂಡ ಲೇಥುಗಳಲ್ಲಿ ಬೆಂಗಳೂರಿನಲ್ಲಿ ತಯಾರಾದವೂ ಇದ್ದವು, ಒಂದರ ತೆರೆಯ ಮೇಲೂ ಕನ್ನಡದ ಒಂದಕ್ಷರವಿರಲಿಲ್ಲ. ಅನುವಾದಿತ ಪರಿಭಾಷೆಯನ್ನು ಅಲ್ಲಿ ತುಂಬಿಸಬೇಕೆಂದು ನಾನು ಹೇಳುತ್ತಿಲ್ಲ. ‘ಟೂಲ್’ ‘ಆಫ್‌ಸೆಟ್’ಗಳು ಕನ್ನಡವೇ ಆಗಿಹೋಗಿವೆ, ಇರಲಿ. ‘ಇತರೆ’ಯ ಜಾಗದಲ್ಲಿ ಕೆಲಸಗಾರನು ತನ್ನ ಮಾತಿನಲ್ಲಿ ಹೇಳಿದ್ದನ್ನು ಯಂತ್ರ ಕೇಳಿಸಿಕೊಂಡು ಇಟ್ಟುಕೊಳ್ಳುವಂತಾದರೆ ಸಾಕು, ಮಾತನ್ನು ಬರಹಕ್ಕಿಳಿಸುವ ತಂತ್ರ ಇಂದು ಕನ್ನಡಕ್ಕೂ ಬಂದಿದೆ. ಅದು ಕನ್ನಡವೋ ಮರಾಠಿಯೋ ಸೊಲ್ಲಾಪುರದ ಮಿಶ್ರಭಾಷೆಯೋ, ಏನಾದರೂ ಆಗಲಿ.

ಕಳೆದ ವರ್ಷದಿಂದ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಕೆಲವರು, ತಾವೇ ಹಗಲು ಕೆಲಸಕ್ಕೆ ಹೋಗುವವರು, ಭಿವಂಡಿ, ಭೋಸರಿ, ಸೊಲ್ಲಾಪುರಗಳಿಂದ ಇಂಥ ಮಾತುಗಳನ್ನು ಕಾರ್ಡುಗಳಲ್ಲಿ ಬರೆದು ತರುತ್ತಿದ್ದಾರೆ. ಪದ, ಅದನ್ನು ಹೇಳಿದವರ ಹೆಸರು, ಊರು, ಯಂತ್ರ, ಸಂದರ್ಭ. ಸಾಧ್ಯವಿದ್ದಲ್ಲಿ ಆ ಸದ್ದಿನ ಧ್ವನಿಮುದ್ರಣವೂ ಜೊತೆಗಿದೆ. ‘ಅಳು’ ಎಂಬ ಕಾರ್ಡಿನ ಹಿಂದೆಯೇ ‘ಗೊಣಗು’ ಎಂಬುದೊಂದು ಬಂದಿದೆ. ಇವೆರಡೂ ಒಂದೇ ಸದ್ದಿಗೆ ಎರಡು ಊರಿನವರು ಕೊಟ್ಟ ಹೆಸರುಗಳೆಂದು ವಿದ್ಯಾರ್ಥಿನಿಯೊಬ್ಬರ ಅಭಿಪ್ರಾಯ. ಅಕ್ಕನ ಮಗ ಫೋನಿನಲ್ಲಿ ಮುದ್ರಿಕೆ ಕೇಳಿ, ಅಳುವುದು ಉಳಿ, ಗೊಣಗುವುದು ಬೇರಿಂಗು, ಎರಡೂ ಬೇರೆ ಎಂದು ಸಾಧಿಸುತ್ತಿದ್ದಾನೆ. ಮುಂದಿನ ತಿಂಗಳು ಇಬ್ಬರನ್ನೂ ಒಂದೇ ಯಂತ್ರದ ಮುಂದೆ ನಿಲ್ಲಿಸಬೇಕಾಗಿದೆ.